ಎಂಟು ವರ್ಷದ ಗೆರೆ: ಮಕ್ಕಳನ್ನು ಕಾಯುವ ಪಾಠ ನಮ್ಮ ಸೀಮೆಗೆ ನಡೆದು ಬಂದ ದಾರಿ

1894ನೇ ಇಸವಿಯಲ್ಲಿ ಮೈಸೂರು ಸರ್ಕಾರ ಒಂದು ಕಾನೂನು ಮಾಡಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಿಸಿದರೆ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಂಡರೂ ಅಪರಾಧ. ಅಷ್ಟೇ ಕಾನೂನು.

ಈಗ ಓದಿದರೆ ಮೈ ಜುಮ್ಮೆನ್ನುತ್ತದೆ ಅಲ್ಲವೇ? ಎಂಟು ವರ್ಷ! ಅಂದರೆ ಮೂರನೇ ಕ್ಲಾಸಿನ ಹುಡುಗಿ. ಎಂಟು ತುಂಬಿದ ಮೇಲೆ ಮಾಡಿದರೆ ಅಡ್ಡಿಯಿಲ್ಲ ಅಂತಲೇ ಅದರ ಅರ್ಥ. ಆದರೂ ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯ ವಯಸ್ಸಿಗೆ ಇಂಥ ಕಾನೂನು ಬರಲು 1929ರ ತನಕ ಕಾಯಬೇಕಾಯಿತು. ಆಗ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಮೈಸೂರು ಸಂಸ್ಥಾನದ ತುಮಕೂರು ಜಿಲ್ಲೆಯವು. ಹಾಗಾಗಿ ಮಕ್ಕಳ ಮೈಯನ್ನು ಕಾಯಲು ಸರ್ಕಾರ ಎಳೆದ ಮೊದಮೊದಲ ಗೆರೆಗಳಲ್ಲಿ ಒಂದು ನಮ್ಮ ತೆಂಗಿನ ಸೀಮೆಯ ಮೇಲೂ ಹಾದುಹೋಗಿದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯಲು ಊರಿನವರು ಏನು ಮಾಡಬಹುದು, ಶಿಕ್ಷಣದಿಂದ ಏನಾದೀತು ಅನ್ನೋ ಮಾತು ಬಂದಾಗಲೆಲ್ಲ "ಇದೆಲ್ಲ ಈಗಿನ ಕಾಲದ ರೋಗ, ಮೊಬೈಲು ಬಂದು ಕೆಟ್ಟಿತು" ಅನ್ನುವವರು ಸಿಗುತ್ತಾರೆ. ಈಗಿನದೂ ಅಲ್ಲ, ಮೊಬೈಲಿನದೂ ಅಲ್ಲ. ಇದಕ್ಕೆ ನೂರಿಪ್ಪತ್ತೈದು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆ ಚರಿತ್ರೆ ಗೊತ್ತಿದ್ದರೆ ನಾವು ಯಾವ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದೇವೆ ಅಂತ ಕಾಣುತ್ತದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಮೊದಲು 1860ಕ್ಕೆ ಹೋಗೋಣ. ಆ ವರ್ಷ ಬಂದ ಭಾರತೀಯ ದಂಡ ಸಂಹಿತೆ, ಹತ್ತು ವರ್ಷದೊಳಗಿನ ಹುಡುಗಿಯ ಜೊತೆ ದೇಹ ಸಂಪರ್ಕ ಮಾಡಿದರೆ ಅದು ಅತ್ಯಾಚಾರ ಅಂದಿತು. ಗಂಡನಾಗಿದ್ದರೂ ಅಷ್ಟೇ. ಹತ್ತು ದಾಟಿದ್ದರೆ? ಗಂಡನಿಗೆ ಕಾನೂನು ಅಡ್ಡ ಬರುತ್ತಿರಲಿಲ್ಲ. 1890ರಲ್ಲಿ ಕಲ್ಕತ್ತೆಯಲ್ಲಿ ಫುಲ್ಮೊನಿ ಎಂಬ ಹುಡುಗಿ ಸತ್ತಳು. ಅವಳಿಗೆ ಹತ್ತು ದಾಟಿತ್ತು ಅಷ್ಟೇ. ಗಂಡ ಮೂವತ್ತೈದರ ಆಸುಪಾಸಿನವನು. ಅವನ ಬಲವಂತದಿಂದ ಆದ ಗಾಯದಿಂದಲೇ ಅವಳು ಸತ್ತದ್ದು. ಆದರೆ ಹತ್ತು ದಾಟಿದ್ದರಿಂದ ಅವನ ಮೇಲೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. ಸಣ್ಣ ಅಪರಾಧಕ್ಕೆ ಒಂದು ವರ್ಷದ ಶಿಕ್ಷೆಯಾಯಿತು. ದೇಶವೆಲ್ಲ ಗದ್ದಲವಾಗಿ, 1891ರಲ್ಲಿ ಹತ್ತನ್ನು ಹನ್ನೆರಡು ಮಾಡಿದರು.

ಆ ಎರಡು ವರ್ಷ ಏರಿಸಲಿಕ್ಕೆ ಎಷ್ಟು ವಿರೋಧ ಗೊತ್ತೇ! ಬಾಲಗಂಗಾಧರ ತಿಲಕರಂಥವರೇ ಎದುರು ನಿಂತರು. ಪರಕೀಯ ಸರ್ಕಾರ ನಮ್ಮ ಮನೆಯೊಳಗೆ, ನಮ್ಮ ಧರ್ಮದೊಳಗೆ ಕೈ ಹಾಕಬಾರದು ಅನ್ನೋದು ವಾದ. ರಾಜಕೀಯವಾಗಿ ಅದಕ್ಕೊಂದು ತರ್ಕ ಇತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ವಾದ ಪ್ರತಿವಾದಗಳಲ್ಲಿ ಒಬ್ಬರ ದನಿ ಮಾತ್ರ ಎಲ್ಲೂ ಕೇಳುವುದಿಲ್ಲ... ಆ ಹುಡುಗಿಯದು. ಸರ್ಕಾರ ಮಾತಾಡಿತು, ಪಂಡಿತರು ಮಾತಾಡಿದರು, ಡಾಕ್ಟರುಗಳು ಮಾತಾಡಿದರು, ಪತ್ರಿಕೆಯವರು ಮಾತಾಡಿದರು. ಮಗುವನ್ನು ಯಾರೂ ಕೇಳಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೈಸೂರಿನಲ್ಲಿ ಇದ್ದದ್ದು ನಮ್ಮದೇ ರಾಜರ ಸರ್ಕಾರ. ಚಾಮರಾಜೇಂದ್ರ ಒಡೆಯರು ದೊರೆ, ಶೇಷಾದ್ರಿ ಅಯ್ಯರ್ ದಿವಾನರು. ಹಾಗಾಗಿ "ಪರಕೀಯರು" ಅನ್ನೋ ಮಾತಿಗೆ ಇಲ್ಲಿ ಬಲ ಇರಲಿಲ್ಲ. ಎಂಟು ಎಂಬ ಅಂಕಿಯನ್ನು ನೋಡಿದರೂ ಸರ್ಕಾರದ ಎಚ್ಚರಿಕೆ ಕಾಣುತ್ತದೆ. ಎಂಟು ವರ್ಷದವಳು ಗೌರಿ, ಒಂಬತ್ತರವಳು ರೋಹಿಣಿ, ಹತ್ತರವಳು ಕನ್ಯೆ ಅಂತ ಹಳೆಯ ಲೆಕ್ಕ ಒಂದಿತ್ತಲ್ಲ, ಆ ಲೆಕ್ಕಕ್ಕೂ ಕೆಳಗಿನ ಮದುವೆಯನ್ನಷ್ಟೇ ಈ ಕಾನೂನು ಮುಟ್ಟಿತು. ಅಂದರೆ ಸಂಪ್ರದಾಯಸ್ಥರೂ ಒಪ್ಪಲೇಬೇಕಾದ ಜಾಗದಲ್ಲಿ ಗೆರೆ ಎಳೆದರು. ಜಾಣತನವೇ ಸರಿ. ಆದರೆ ಎಂಟರಿಂದ ಮೇಲಿನ ಮಕ್ಕಳೆಲ್ಲ ಗೆರೆಯ ಆಚೆಗೇ ಉಳಿದರು.

ಆ ಗೆರೆಯ ಆಚೆ ಉಳಿದವರ ಬಾಳು ಹೇಗಿತ್ತು ಅಂತ ತಿಳಿಯಲು ನಮ್ಮ ಸಾಹಿತ್ಯ ಚರಿತ್ರೆಯೇ ಸಾಕು. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂತು. ಕನ್ನಡದ ಮೊದಮೊದಲ ಸಾಮಾಜಿಕ ಕಾದಂಬರಿಯ ಕಥಾವಸ್ತುವೇ ಬಾಲವಿಧವೆ. ನಂಜನಗೂಡಿನ ತಿರುಮಲಾಂಬ ಸ್ವತಃ ಬಾಲವಿಧವೆ. ಅವರು ಮುಂದೆ ತಾವೇ ಬರೆದು, ತಾವೇ ಪ್ರಕಟಿಸಿ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ. 'ಸರಸ್ವತಿ' ಪತ್ರಿಕೆ ನಡೆಸಿದ ಅವರು 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಶುರು ಮಾಡಿದರು. ಬಾಲ್ಯವನ್ನೇ ಕಳೆದುಕೊಂಡ ಹೆಂಗಸೊಬ್ಬರು ಊರ ಮಕ್ಕಳಿಗೆಲ್ಲ ಆಟ, ಹಾಡು, ನಾಟಕದ ಜಾಗವೊಂದನ್ನು ಕಟ್ಟಿಕೊಟ್ಟರು. ಮಕ್ಕಳನ್ನು ಕಾಯುವ ಕೆಲಸಕ್ಕೆ ಪೊಲೀಸರಷ್ಟೇ ಅಲ್ಲ, ಇಂಥ ಜಾಗಗಳೂ ಬೇಕು ಅನ್ನೋದಕ್ಕೆ ನನಗೆ ಮೊದಲು ನೆನಪಾಗುವುದು ಈ ಹೆಸರು.

ಕಾನೂನಿನ ಅಂಕಿಗಳು ಆಮೇಲೆ ನಿಧಾನಕ್ಕೆ ಏರುತ್ತಾ ಹೋದವು. ಸಮ್ಮತಿಯ ವಯಸ್ಸು 1925ರಲ್ಲಿ ಹದಿನಾಲ್ಕು, 1949ರಲ್ಲಿ ಹದಿನಾರು. ಆದರೆ ಗಂಡನಿಗೆ ಮಾತ್ರ ರಿಯಾಯಿತಿ, 1925ರಲ್ಲಿ ಹದಿಮೂರು, 1949ರಲ್ಲಿ ಹದಿನೈದು. ಮದುವೆಯ ವಯಸ್ಸು ಹೆಣ್ಣಿಗೆ 1929ರ ಶಾರದಾ ಕಾಯ್ದೆಯಲ್ಲಿ ಹದಿನಾಲ್ಕು, 1949ರಲ್ಲಿ ಹದಿನೈದು, 1978ರಲ್ಲಿ ಹದಿನೆಂಟು. ಆದರೂ ಹದಿನೈದು ದಾಟಿದ ಹೆಂಡತಿಯ ಮೇಲಿನ ಬಲಾತ್ಕಾರ ಅಪರಾಧವಲ್ಲ ಎಂಬ ವಿನಾಯಿತಿ ಹಾಗೇ ಉಳಿಯಿತು. ಅದು ಬಿದ್ದದ್ದು 2017ರ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಈಗ ಹದಿನೆಂಟರೊಳಗಿನ ಹೆಂಡತಿಯಾದರೂ ಅದು ಅಪರಾಧವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ.

ಇದರಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಮಾತೊಂದಿದೆ. ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ್ ಪಾಟೀಲರ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದರ ಮುಂದುವರಿಕೆಯಾಗಿ ನಮ್ಮ ರಾಜ್ಯ ಕೇಂದ್ರದ 2006ರ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಮಾಡಿತು. 2017ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಈ ತಿದ್ದುಪಡಿಯನ್ನು ಎತ್ತಿ ಹೇಳಿ, ಉಳಿದ ರಾಜ್ಯಗಳಿಗೂ ಇದು ಮಾದರಿ ಎಂಬ ಅಭಿಪ್ರಾಯ ಕೊಟ್ಟಿತು.

ಎಂಟರಿಂದ ಹದಿನೆಂಟಕ್ಕೆ ನೂರಿಪ್ಪತ್ಮೂರು ವರ್ಷ! ಆದರೆ ಇಷ್ಟು ಉದ್ದದ ದಾರಿಯಲ್ಲಿ ಕಾನೂನು ನೋಡಿದ್ದು ಹೆಚ್ಚಾಗಿ ಮದುವೆಯನ್ನು. ಮದುವೆಯ ಚಪ್ಪರ ಎಲ್ಲರಿಗೂ ಕಾಣುತ್ತದೆ, ವಾಲಗ ಎಲ್ಲರಿಗೂ ಕೇಳುತ್ತದೆ. ಮನೆಗೆ ಬಂದು ಹೋಗುವ ಮಾವ, ಟ್ಯೂಷನ್ನಿನ ಮೇಷ್ಟ್ರು, ಪಕ್ಕದ ತೋಟದವನು, ದೊಡ್ಡಪ್ಪನ ಮಗ... ಇವರಿಂದ ಆಗುವುದು ಯಾರಿಗೂ ಕಾಣುವುದಿಲ್ಲ. ಅದಕ್ಕೆ ಸರಿಯಾದ ಕಾನೂನೂ ಇರಲಿಲ್ಲ. ಹುಡುಗಿಯಾದರೆ 'ಮಾನಭಂಗ' ಎಂಬ ಹೆಸರಿನ ಸೆಕ್ಷನ್ನು, ಹುಡುಗನಾದರೆ 'ಅಸ್ವಾಭಾವಿಕ ಅಪರಾಧ' ಎಂಬ ಇನ್ನೊಂದು ಸೆಕ್ಷನ್ನು. ಎರಡರಲ್ಲೂ ಮಗು ಎಂಬ ಪದವೇ ಇಲ್ಲ.

ಊರಿನ ಭಾಷೆಯಲ್ಲೂ ಹಾಗೇ. ನಮ್ಮ ಕಡೆಯ ಮಾತು ಕೇಳಿ ನೋಡಿ. "ಮಾನ ಹೋಯ್ತು", "ಮರ್ಯಾದೆ ಹೋಯ್ತು", "ಹುಡುಗಿ ಕೆಟ್ಟೋದ್ಳು". ಯಾರ ಮಾನ? ಮನೆತನದ ಮಾನ. ಕೆಟ್ಟದ್ದು ಮಾಡಿದವನು ಎಲ್ಲಿ ಹೋದ? ಅವನು ಆ ವಾಕ್ಯಗಳಲ್ಲೇ ಇಲ್ಲ! ಹಾಗಂತ ಊರಿಗೆ ಗೊತ್ತಿರಲಿಲ್ಲ ಅಂತಲ್ಲ. ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. "ಅವನ ಕೈ ಸರಿಯಿಲ್ಲ", "ಅವನ ಕಣ್ಣು ಸರಿಯಿಲ್ಲ" ಅಂತ ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ ಪಿಸುಗುಟ್ಟುತ್ತಿದ್ದರು. ಮಕ್ಕಳಿಗೆ ಮಾತ್ರ "ಆ ಕಡೆ ಹೋಗಬೇಡ" ಅಷ್ಟೇ. ಯಾಕೆ ಹೋಗಬಾರದು ಅಂತ ಹೇಳುತ್ತಿರಲಿಲ್ಲ. ಕೇಳಿದರೆ "ಬಾಯ್ಮುಚ್ಚು". ಅಂದರೆ ಕಾಯುವ ಜ್ಞಾನ ಊರಿನಲ್ಲೇ ಇತ್ತು, ಅದು ಬೇಕಾದವರ ಕೈಗೆ ಸಿಗುತ್ತಿರಲಿಲ್ಲ. ಶಿಕ್ಷಣ ಅಂದರೆ ಇಲ್ಲಿ ಹೊಸದೇನನ್ನೋ ಹೊರಗಿನಿಂದ ತಂದು ಸುರಿಯುವುದಲ್ಲ, ಈ ಪಿಸುಮಾತನ್ನು ಮಗುವಿಗೆ ಅರ್ಥವಾಗುವ ಮಾತಾಗಿ ಮಾಡುವುದು ಅಂತ ನನಗನ್ನಿಸುತ್ತದೆ.

ಹಾಗೆ ಮಾಡಿ ತೋರಿಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ದೇವದಾಸಿ ಪದ್ಧತಿಯ ಕಥೆ ನೋಡಿ. 1909ರಲ್ಲೇ ಮೈಸೂರು ಸರ್ಕಾರ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಗೆ ತಡೆ ಹಾಕಿತು. ಬೆಳಗಾವಿ, ಬಿಜಾಪುರದ ಕಡೆ ಮುತ್ತು ಕಟ್ಟುವುದು ಮಾತ್ರ ಮುಂದುವರೆಯಿತು. ಬಡ ದಲಿತ ಮನೆಗಳ ಎಳೆಯ ಹುಡುಗಿಯರಿಗೆ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವುದು, ಮೈನೆರೆದ ಮೇಲೆ ಯಾವನೋ ಉಳ್ಳವನ ವಶಕ್ಕೆ ಕೊಡುವುದು. ದೇವರ ಹೆಸರು ತೆಗೆದು ನೋಡಿದರೆ ಇದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವೇ, ಊರೆಲ್ಲ ಸೇರಿ ಒಪ್ಪಿದ ದೌರ್ಜನ್ಯ. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ತಂದಿತು. ಆಮೇಲೆ ಏನಾಯಿತು? ಬಹಿರಂಗವಾಗಿ ನಡೆಯುತ್ತಿದ್ದದ್ದು ಗುಟ್ಟಾಗಿ ನಡೆಯತೊಡಗಿತು.

ತಿರುವು ಬಂದದ್ದು 1990ರ ದಶಕದಲ್ಲಿ. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಸೇರಿ ಬೆಳಗಾವಿ ಜಿಲ್ಲೆಯಲ್ಲಿ ದೇವದಾಸಿಯರ ಪುನರ್ವಸತಿ ಕೆಲಸ ಶುರು ಮಾಡಿದವು. ಅದರಿಂದ ಬೆಳೆದು 1997ರಲ್ಲಿ 'ಮಾಸ್' ಹುಟ್ಟಿತು. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಅಂತ ಪೂರ್ತಿ ಹೆಸರು, ಘಟಪ್ರಭಾದಲ್ಲಿದೆ. ಅದನ್ನು ನಡೆಸಿದವರು ಹೊರಗಿನಿಂದ ಬಂದ ಭಾಷಣಕಾರರಲ್ಲ, ಸ್ವತಃ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರನ್ನೂ ಏಳನೇ ವಯಸ್ಸಿನಲ್ಲಿ ಮುತ್ತು ಕಟ್ಟಿ ಬಿಟ್ಟಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅವರ ಮಾತಿಗೆ ಅಷ್ಟು ತೂಕ ಬಂದದ್ದು ಹೇಗೆ ಅಂತ ಯೋಚಿಸಬೇಕು. ಸಾಹೇಬರು ಜೀಪಿನಲ್ಲಿ ಬಂದು "ಇದು ಅಪರಾಧ, ಜೈಲಿಗೆ ಹಾಕ್ತೀವಿ" ಅಂದರೆ ಊರು ಬಾಗಿಲು ಹಾಕಿಕೊಳ್ಳುತ್ತದೆ. ಅದೇ ಕೇರಿಯ, ಅದೇ ಜಾತಿಯ ಹೆಂಗಸು ಬಂದು ಜಗಲಿ ಮೇಲೆ ಕೂತು "ಯವ್ವಾ, ನನಗಾಗಿದ್ದು ನಿನ್ನ ಮಗಳಿಗೆ ಬ್ಯಾಡ" ಅಂದರೆ ಅದನ್ನು ತಳ್ಳಿಹಾಕುವುದು ಕಷ್ಟ. ಜೊತೆಗೆ ಸಂಘ ಇತ್ತು, ಉಳಿತಾಯ ಇತ್ತು, ಮಕ್ಕಳ ಓದಿಗೆ ಒತ್ತಾಸೆ ಇತ್ತು. ಕಾನೂನು ಹಿಂದೆ ನಿಂತಿತ್ತು, ಮುಂದೆ ನಡೆದದ್ದು ಊರಿನವರೇ. ಸಮುದಾಯ ಶಿಕ್ಷಣ ಅಂತ ಸರ್ಕಾರಿ ಕಾಗದದಲ್ಲಿ ಬರೆಯುತ್ತಾರಲ್ಲ, ಅದರ ನಿಜರೂಪ ಇದು.

ಈಗ 2007ಕ್ಕೆ ಬರೋಣ. ಈ ಚರಿತ್ರೆಯಲ್ಲಿ ಬಹಳ ಮುಖ್ಯವಾದ ವರ್ಷ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಆ ವರ್ಷ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಅಧ್ಯಯನ ವರದಿ ಹೊರತಂದಿತು. 13 ರಾಜ್ಯಗಳು, 12,447 ಮಕ್ಕಳು. ನಮ್ಮ ಕರ್ನಾಟಕ ಆ ಹದಿಮೂರರಲ್ಲಿ ಇರಲಿಲ್ಲ. ದೇಶದ ಸರ್ಕಾರವೊಂದು ಇಷ್ಟು ದೊಡ್ಡ ಮಟ್ಟದಲ್ಲಿ ಮಕ್ಕಳನ್ನೇ ಕೂರಿಸಿಕೊಂಡು "ನಿನಗೇನಾಯಿತು?" ಅಂತ ಕೇಳಿತ್ತು. 1891ರಲ್ಲಿ ಯಾರೂ ಕೇಳದೆ ಬಿಟ್ಟಿದ್ದರಲ್ಲ, ಆ ಪ್ರಶ್ನೆ.

ಉತ್ತರ ಏನು ಬಂತು? ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಹುಡುಗರೇ ಸ್ವಲ್ಪ ಹೆಚ್ಚು, ನೂರಕ್ಕೆ ಸುಮಾರು 53. ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿಯೇ ಇರಲಿಲ್ಲ.

ಅದೇ 2007ರಲ್ಲಿ ಇನ್ನೊಂದು ಕಡೆ ಏನಾಗುತ್ತಿತ್ತು ಗೊತ್ತೇ? ಹೈಸ್ಕೂಲು ಮಕ್ಕಳಿಗೆ ಹದಿಹರೆಯದ ಶಿಕ್ಷಣ ಕೊಡುವ ಕೇಂದ್ರದ ಕಾರ್ಯಕ್ರಮವನ್ನು ಹಲವು ರಾಜ್ಯಗಳು ನಿಲ್ಲಿಸಿದವು. ನಮ್ಮ ಕರ್ನಾಟಕವೂ ಅದರಲ್ಲಿ ಒಂದು. ಪುಸ್ತಕದ ಚಿತ್ರಗಳು ಅಶ್ಲೀಲ, ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬ ಆಕ್ಷೇಪ. ಒಂದು ಕಡೆ ಮಕ್ಕಳು ಬಾಯಿಬಿಟ್ಟು ಹೇಳಿದ್ದು ಅಚ್ಚಾಗುತ್ತಿದೆ, ಇನ್ನೊಂದು ಕಡೆ ಅವರಿಗೆ ಮಾತು ಕಲಿಸುವ ಪುಸ್ತಕ ಮುಚ್ಚುತ್ತಿದ್ದಾರೆ. ಆ ಪುಸ್ತಕಗಳಲ್ಲಿ ತಿದ್ದಬೇಕಾದದ್ದು ಇದ್ದಿರಬಹುದು, ಇಲ್ಲ ಅನ್ನೊಲ್ಲ. ತಿದ್ದಬಹುದಿತ್ತಲ್ಲ! 1891ರಲ್ಲಿ ಮನೆಯೊಳಗೆ ಕೈ ಹಾಕಬೇಡಿ ಅಂದ ವಾದವೇ ನೂರಾ ಹದಿನಾರು ವರ್ಷ ಕಳೆದ ಮೇಲೆ ಬೇರೆ ಅಂಗಿ ತೊಟ್ಟು ಬಂದಿತ್ತು.

2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಗೆ ಬಂತು. ಮಕ್ಕಳ ದಿನಾಚರಣೆಯಂದೇ. ಇಲ್ಲಿ ಮೊದಲ ಸಲ ಕಾನೂನು ಮದುವೆ, ಮಾನ ಎಲ್ಲ ಬಿಟ್ಟು ಮಗುವನ್ನು ನಡುವೆ ಇಟ್ಟಿತು. ಹದಿನೆಂಟರೊಳಗಿನ ಯಾರೇ ಆಗಲಿ, ಹುಡುಗನಾಗಲಿ ಹುಡುಗಿಯಾಗಲಿ ಮಗುವೇ. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಅಥವಾ ಮಗು ಬಯಸುವ ಜಾಗದಲ್ಲಿ ಬರೆದುಕೊಳ್ಳಬೇಕು. ಆದಷ್ಟೂ ಮಹಿಳಾ ಸಬ್ ಇನ್ಸ್‌ಪೆಕ್ಟರೇ ಬರಬೇಕು, ಅದೂ ಯೂನಿಫಾರ್ಮ್ ಇಲ್ಲದೆ. ರಾತ್ರಿ ಹೊತ್ತು ಮಗುವನ್ನು ಸ್ಟೇಷನ್ನಿನಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು, ಫೋಟೋ, ಶಾಲೆ, ಊರು ಯಾವುದೂ ಪೇಪರಿನಲ್ಲಿ ಬರುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತು: ಇಂಥದ್ದು ನಡೆದಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ ಆರು ತಿಂಗಳ ತನಕ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದ ತನಕ.

ಈ ಕೊನೆಯ ಮಾತು ನಮ್ಮ ಹಳ್ಳಿಗಳಿಗೆ ಸರಿಯಾಗಿ ತಲುಪಿಲ್ಲ. ನಮ್ಮಲ್ಲಿ ಏನಾದರೂ ಆದರೆ ಮೊದಲು ಸೇರುವುದು ನ್ಯಾಯ ಪಂಚಾಯ್ತಿ. ಹಿರಿಯರು ಕೂರುತ್ತಾರೆ, "ಆಗಿದ್ದಾಯ್ತು, ಹುಡುಗಿ ಬಾಳು ನೋಡಬೇಕಲ್ಲಪ್ಪ" ಅನ್ನುತ್ತಾರೆ, ದಂಡ ಕಟ್ಟಿಸಿ ರಾಜಿ ಮಾಡಿಸುತ್ತಾರೆ. ಬದು ಒತ್ತುವರಿಗೆ, ತೆಂಗಿನಕಾಯಿ ಕಳ್ಳತನಕ್ಕೆ ಈ ನ್ಯಾಯ ಸರಿ ಇರಬಹುದು. ಇದಕ್ಕಲ್ಲ. ಹಾಗೆ ರಾಜಿ ಮಾಡಿಸಿ ಸುಮ್ಮನಾದ ಹಿರಿಯರೂ ಕಾನೂನಿನ ಕಣ್ಣಿನಲ್ಲಿ ಮುಚ್ಚಿಟ್ಟವರೇ.

2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರ ಆರು ವರ್ಷದ ಮಗುವಿನ ಪ್ರಕರಣಕ್ಕೆ ತಂದೆ ತಾಯಂದಿರು ಸಾವಿರಗಟ್ಟಲೆ ಬೀದಿಗಿಳಿದದ್ದು ನೆನಪಿರಬಹುದು. ಅಲ್ಲಿಂದ ಶಾಲೆಗಳಲ್ಲಿ ಸಿಸಿಟಿವಿ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಎಲ್ಲ ಶುರುವಾಯಿತು. 2020ರ ಪೋಕ್ಸೊ ನಿಯಮಗಳು ಇನ್ನೂ ಮುಂದೆ ಹೋದವು. ಮಕ್ಕಳ ವಯಸ್ಸಿಗೆ ತಕ್ಕ ಪಾಠ ಸಿದ್ಧಪಡಿಸಬೇಕು, ತಮ್ಮ ಮೈಯ ಸುರಕ್ಷತೆ ಅವರಿಗೆ ಕಲಿಸಬೇಕು, ಪಂಚಾಯಿತಿ ಕಟ್ಟಡ, ಶಾಲೆ, ಬಸ್ ಸ್ಟ್ಯಾಂಡಿನಂಥ ಕಡೆ ಮಾಹಿತಿ ಹಾಕಬೇಕು ಅಂತ ಬರೆದರು. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟು, ಒಂಬತ್ತನೇ ತರಗತಿಯಿಂದಾದರೂ ಮಕ್ಕಳಿಗೆ ಈ ಕಾನೂನು ತಿಳಿಸಲು ಪಠ್ಯ ಸಿದ್ಧಪಡಿಸಿ ಅಂತ ಶಿಕ್ಷಣ ಇಲಾಖೆಗೆ ಹೇಳಿತು. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಪ್ರೀತಿ ಪ್ರೇಮ ಅಂತ ಓಡಿಹೋಗಿ ಪೋಕ್ಸೊ ಕೇಸಿನಲ್ಲಿ ಸಿಕ್ಕಿಬೀಳುವುದನ್ನೂ ಕೋರ್ಟು ಕಂಡಿತ್ತು. 2007ರಲ್ಲಿ ಮುಚ್ಚಿದ ಪುಸ್ತಕವನ್ನು ಕೋರ್ಟು ಇನ್ನೊಂದು ಬಾಗಿಲಿನಿಂದ ಒಳಗೆ ತಂದಂತಾಯಿತು.

ಇರಲಿ. ಚರಿತ್ರೆ ಇಲ್ಲಿಗೆ ಬಂದು ನಿಂತಿದೆ. ಇನ್ನು ನಮ್ಮ ತೆಂಗಿನ ಸೀಮೆಯ ಮಾತು.

ನಮ್ಮ ಊರುಗಳ ರಚನೆ ನಿಮಗೆ ಗೊತ್ತು. ಊರು ಒಂದು ಕಡೆ, ತೋಟದ ಮನೆಗಳು ಚದುರಿ ಇನ್ನೊಂದು ಕಡೆ. ಮಕ್ಕಳು ಸ್ಕೂಲಿನಿಂದ ತೋಟಗಳ ನಡುವಿನ ದಾರಿಯಲ್ಲಿ ನಡೆದು ಬರಬೇಕು. ಓದಿಗೆ ಅಂತ ತಿಪಟೂರಿನ ಹಾಸ್ಟೆಲ್ಲಿನಲ್ಲೋ ನೆಂಟರ ಮನೆಯಲ್ಲೋ ಬಿಡುತ್ತೇವೆ. ಅಪ್ಪ ಅಮ್ಮ ಕೊಬ್ಬರಿ ಹರಾಜು, ಜಾತ್ರೆ, ಮದುವೆ ಅಂತ ಹೋದರೆ ಮಕ್ಕಳು ಯಾರದೋ ಸುಪರ್ದಿನಲ್ಲಿರುತ್ತಾರೆ. ಮಕ್ಕಳ ಬಗ್ಗೆ ಭಯ ಬಂದಾಗ ನಾವು ಬೆರಳು ತೋರಿಸುವುದು ಕಾಯಿ ಸುಲಿಯಲು ಬಂದ ಹೊರಗಿನ ಕೂಲಿಯವರ ಕಡೆ. ಆದರೆ 2007ರ ವರದಿ ಮಕ್ಕಳ ಬಾಯಲ್ಲೇ ಹೇಳಿಸಿದ್ದೇನು? ಅರ್ಧದಷ್ಟು ಮಂದಿ ಗೊತ್ತಿದ್ದವರೇ. ಅಪರಿಚಿತರನ್ನು ಮಾತ್ರ ಕಾಯುತ್ತ ಕೂತರೆ ಹಿತ್ತಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದ ಹಾಗೆ.

ಕೊಬ್ಬರಿ ಮಾಡುವವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿರುತ್ತೇವೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಒಳಗೆ ಗಟ್ಟಿ ಉಂಡೆ ಆಗಿದೆಯೋ ಕೌಟಾಗಿದೆಯೋ ಅಂತ ತಿಳಿಯಲು ಕೈಗೆತ್ತಿಕೊಂಡು ಅಲ್ಲಾಡಿಸಿ, ಕಿವಿಗೊಟ್ಟು ಕೇಳಬೇಕು. ಮಕ್ಕಳೂ ಹಾಗೇ. ಚೆನ್ನಾಗಿ ಉಂಡು ತಿಂದು ಓಡಾಡಿಕೊಂಡಿದೆ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಯಾರೋ ಒಬ್ಬರ ಮನೆಗೆ ಹೋಗಲ್ಲ ಅಂತ ಹಟ ಮಾಡುವುದು, ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರುಮಾಡುವುದು, ಓದಿನಲ್ಲಿ ಮಂಕಾಗುವುದು... ಇದೆಲ್ಲ ಬೇರೆ ಕಾರಣಕ್ಕೂ ಆಗಬಹುದು, ಆದರೆ ಬೈಯುವ ಮುಂಚೆ ಕೇಳಬೇಕು.

ಮಗುವಿಗೆ ಏನು ಕಲಿಸಬೇಕು? ಕಷ್ಟದ್ದೇನಲ್ಲ. ಮೂರು ನಾಲ್ಕು ವರ್ಷದಿಂದಲೇ ಮೈಯ ಎಲ್ಲ ಭಾಗಕ್ಕೂ ನಾಚಿಕೆಯಿಲ್ಲದ ಒಂದು ಹೆಸರು. ಚಡ್ಡಿ ಬನಿಯನ್ ಮುಚ್ಚುವ ಜಾಗವನ್ನು ಬೇರೆಯವರು ಮುಟ್ಟಬಾರದು, ಅವರದನ್ನು ಮುಟ್ಟು ಅನ್ನಲೂಬಾರದು. ಸ್ನಾನ ಮಾಡಿಸಲು ಅಮ್ಮ, ಅಜ್ಜಿ, ಪರೀಕ್ಷೆ ಮಾಡಲು ಅಮ್ಮನ ಎದುರಿಗೆ ಡಾಕ್ಟರು ಮುಟ್ಟಬಹುದು. ಯಾರಾದರೂ ಹಾಗೆ ಮಾಡಿದರೆ "ಬೇಡ" ಅಂತ ಕೂಗು, ಅಲ್ಲಿಂದ ಓಡು, ನಂಬಿಕೆಯವರಿಗೆ ಹೇಳು. ಒಬ್ಬರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳು. "ಯಾರಿಗೂ ಹೇಳಬೇಡ" ಅಂತ ದೊಡ್ಡವರು ಕಟ್ಟಿಹಾಕುವ ಗುಟ್ಟನ್ನು ಇಟ್ಟುಕೊಳ್ಳಬೇಕಾಗಿಲ್ಲ. ತಪ್ಪು ನಿನ್ನದಲ್ಲ. ಇಷ್ಟೇ. ಗಂಡುಮಕ್ಕಳಿಗೂ ಇದೇ ಪಾಠ, ದಯವಿಟ್ಟು ಮರೆಯಬೇಡಿ.

ಆದರೆ ಮಗುವಿಗೆ ಕಲಿಸಿ ಕೈತೊಳೆದುಕೊಂಡರೆ ಸಾಲದು. ಐದು ವರ್ಷದ ಮಗು ಐವತ್ತು ವರ್ಷದವನನ್ನು ಎದುರಿಸಲಿ ಅನ್ನೋದು ಎಂಥ ನ್ಯಾಯ? ಕಲಿಯಬೇಕಾದವರು ಮುಖ್ಯವಾಗಿ ನಾವು. ಮಗು ಒಲ್ಲೆ ಅಂದರೂ "ಹೋಗು, ಮಾವನ ತೊಡೆ ಮೇಲೆ ಕೂತ್ಕೋ, ಮುತ್ತು ಕೊಡು" ಅಂತ ತಳ್ಳುತ್ತೇವಲ್ಲ, ಅದನ್ನು ಬಿಡಬೇಕು. ದೊಡ್ಡವರಿಗೆ ಎದುರಾಡಬಾರದು ಅಂತ ಕಲಿಸಿದ ಮಗು ಯಾರಿಗೆ "ಬೇಡ" ಅಂದೀತು? ಮಗು ಬಾಯಿಬಿಟ್ಟಾಗ ನಂಬಬೇಕು. ಹತ್ತು ಜನರ ಮುಂದೆ ಹತ್ತು ಸಲ ಅದೇ ಕಥೆ ಹೇಳಿಸಬಾರದು. 1098ಕ್ಕೆ ಫೋನ್ ಮಾಡಬೇಕು. 1996ರಲ್ಲಿ ಮುಂಬಯಿಯಲ್ಲಿ ಶುರುವಾದ ಈ ಮಕ್ಕಳ ಸಹಾಯವಾಣಿ ಈಗ ಸರ್ಕಾರದ ಉಸ್ತುವಾರಿಯಲ್ಲಿ ನಡೆಯುತ್ತಿದೆ, ಕರೆಗೆ ದುಡ್ಡಿಲ್ಲ. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇದೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ.

ಊರಿನಲ್ಲಿ ಇದಕ್ಕೆ ಹೊಸ ಸಂಘ ಕಟ್ಟಬೇಕಾಗಿಲ್ಲ. ಇರುವುದನ್ನು ಬಳಸಿದರೆ ಸಾಕು. 1975ರಲ್ಲಿ ಟಿ. ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಶುರುವಾದ ಅಂಗನವಾಡಿ ಇವತ್ತು ಹಟ್ಟಿ ಹಟ್ಟಿಯಲ್ಲೂ ಇದೆ. ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘ, ಶಾಲೆಯ ಎಸ್‌ಡಿಎಂಸಿ, ಎರಡು ಹೊತ್ತೂ ಊರಿನವರು ಸೇರುವ ಹಾಲಿನ ಡೈರಿ ಇವೆ. ಗ್ರಾಮ ಮಟ್ಟದ ಮಕ್ಕಳ ರಕ್ಷಣಾ ಸಮಿತಿ ಕಾಗದದಲ್ಲಂತೂ ಇದೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. 1990ರ ದಶಕದಲ್ಲಿ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿ ನಡೆಸಿ ತೋರಿಸಿದ ಮೇಲೆ ಬೆಳೆದು ಬಂದ ಪದ್ಧತಿ ಇದು. ಅಲ್ಲಿ ಮಕ್ಕಳು ಕೇಳುವುದು ಶೌಚಾಲಯ, ಬಸ್ಸು, ದಾರಿದೀಪ. ನಾವು ಇವನ್ನು ಸಣ್ಣ ಬೇಡಿಕೆ ಅಂದುಕೊಳ್ಳುತ್ತೇವೆ. ಬಾಗಿಲಿಗೆ ಚಿಲಕವಿಲ್ಲದ ಶೌಚಾಲಯ, ಕತ್ತಲಲ್ಲಿ ಇಳಿಸುವ ಬಸ್ಸು, ದೀಪವಿಲ್ಲದ ತೋಟದ ದಾರಿ... ಮಗು ತನಗೆ ಎಲ್ಲಿ ಭಯ ಅಂತ ತನ್ನ ಭಾಷೆಯಲ್ಲಿ ಹೇಳುತ್ತಿದೆ. ಕೇಳಿಸಿಕೊಳ್ಳುವ ಕಿವಿ ಬೇಕು ಅಷ್ಟೇ.

1894ರಲ್ಲಿ ಸರ್ಕಾರ ಗೆರೆ ಎಳೆಯಿತು, ಊರು ಸುಮ್ಮನಿತ್ತು. ಬೆಳಗಾವಿಯ ಆ ಹೆಂಗಸರು ಊರಿನ ಬಾಯಿ ಬಿಡಿಸಿದರು, ಆಗ ಕಾನೂನಿಗೂ ಜೀವ ಬಂತು. ಈ ಎರಡರ ನಡುವಿನ ವ್ಯತ್ಯಾಸವೇ ನಾವು ಕಲಿಯಬೇಕಾದ ಪಾಠ ಅಂತ ನನ್ನ ಅನಿಸಿಕೆ. ಎಂಟನ್ನು ಹದಿನೆಂಟು ಮಾಡಲು ನೂರಿಪ್ಪತ್ಮೂರು ವರ್ಷ ಹಿಡಿಯಿತು. "ಆ ಕಡೆ ಹೋಗಬೇಡ" ಅನ್ನುವ ಜೊತೆಗೆ ಯಾಕೆ ಅಂತ ಮಗುವಿಗೆ ಹೇಳಲು ಅಷ್ಟು ವರ್ಷ ಬೇಕಾಗಿಲ್ಲ, ಒಂದು ಸಂಜೆ ಸಾಕು.

ನಿಮ್ಮ ಊರಿನ ಶಾಲೆಯಲ್ಲಿ ಈ ಪಾಠ ನಡೆಯುತ್ತಿದೆಯೇ? ಮಕ್ಕಳ ಗ್ರಾಮಸಭೆ ನಿಜಕ್ಕೂ ನಡೆಯುತ್ತದೆಯೇ, ಫೋಟೋ ತೆಗೆದು ಮುಗಿಸುತ್ತಾರೆಯೇ? ಗೊತ್ತಿದ್ದವರು ಬರೆಯಿರಿ. ಮಕ್ಕಳ ಹೆಸರು, ಗುರುತು ಮಾತ್ರ ಎಲ್ಲೂ ಬೇಡ.